ಹ್ಯಾಂಬ್ಲಿನ್ ಸಾಹೇಬರ ಚರಿತ್ರೆಗೆ ಬೇಕಾದ ಸಂಗತಿಗಳು

ಧಾರವಾಡ,
೧೨ ಜನೆವರಿ ೧೯೪೧

ಕಮರುದ್ದೀನ ಸಾಹೇಬರಿಗೆ ನಮಸ್ಕಾರಗಳು.

ನಿಮಗೆ ನನ್ನ ಪರಿಚಯವಿಲ್ಲ. ನಾನು ಇಲ್ಲಿನ ಒಂದು ಸಾಲೆಯಲ್ಲಿ ಕನ್ನಡ ಕಲಿಸುವ ಮಾಸ್ತರ. ನಿಮ್ಮ ಯಜಮಾನರಾದ ಲೆಫ್ಟಿನೆಂಟ್ ಜನರಲ್ ಸರ್ ವಾಲ್ಟರ್ ಹ್ಯಾಂಬ್ಲಿನ್ ಅವರ ಜೀವನಚರಿತ್ರೆಯನ್ನು ಅರವತ್ತು ಪುಟಗಳಲ್ಲಿ, ಹಳ್ಳಿಯವರಿಗೂ ತಿಳಿಯುವ ಕನ್ನಡದಲ್ಲಿ ಬರೆದುಕೊಡಬೇಕೆಂದು ಇಲ್ಲಿನ ಗಣ್ಯರ ಸಮಿತಿಯೊಂದು ನನಗೆ ಹೇಳಿದೆ. ಸಾಹೇಬರು ತಾರುಣ್ಯದಲ್ಲಿ ಬೆಳಗಾವಿಯ ದಂಡಿನಲ್ಲಿದ್ದು ನಮ್ಮ ಸೀಮೆಯ ಜನರನ್ನು ಯುದ್ಧಕ್ಕೆ ಕರೆದೊಯ್ದವರಾದ್ದರಿಂದ ಅವರ ಮೇಲೆ ನಮಗೊಂದು ಹಕ್ಕಿದೆ ಎಂದು ಸಮಿತಿಯವರ ಭಾವನೆ.

ಸಾಹೇಬರು ಕೂನೂರಿನಿಂದ ತಮ್ಮ ಜೀವನದ ಬಗ್ಗೆ ಹನ್ನೊಂದು ಪುಟಗಳ ಟಿಪ್ಪಣಿ ಕಳಿಸಿದ್ದಾರೆ. ಅದರಲ್ಲಿ ‘ನಾನು’ ಎಂಬ ಮಾತು ಎಷ್ಟು ಸಲ ಬಂದಿದೆ ಎಂದು ಎಣಿಸಲು ಕೂತೆ. ನಾಲ್ಕನೆಯ ಪುಟಕ್ಕೆ ಬೇಸತ್ತು ಬಿಟ್ಟೆ. ತಂದೆಗೆ ಒಂದು ಸಾಲು, ಹೆಂಡತಿಗೆ ಅರ್ಧ ಸಾಲು, ಕುದುರೆಗೆ ಒಂದೂವರೆ ಪುಟ. ಕೊನೆಯಲ್ಲಿ, ಮನೆವಾರ್ತೆಯ ಸಂಗತಿಗಳು ಬೇಕಾದರೆ ನನ್ನ ಆಳು ಕಮರುದ್ದೀನನನ್ನು ಕೇಳಿರಿ, ಅವನು ನಿಮ್ಮ ಕಡೆಯವನೇ, ಬರೆಯಲು ಬಲ್ಲ ಎಂದಿದ್ದಾರೆ. ಹಾಗಾಗಿ ಈ ಪತ್ರ.

ನನಗೆ ಮುಖ್ಯವಾಗಿ ಬೇಕಾದದ್ದು ಎರಡು: ಸಿಪಾಯಿಗಳ ಮೇಲೆ ಅವರಿಗಿದ್ದ ಪ್ರೀತಿಯ ಒಂದೆರಡು ನಿದರ್ಶನಗಳು; ಮತ್ತು ನದಿ ದಾಟಿದ ಪ್ರಸಂಗ. ಅವರ ಟಿಪ್ಪಣಿಯಲ್ಲಿ ಹೀಗಿದೆ: ‘೧೯೧೭ರಲ್ಲಿ ಟೈಗ್ರಿಸ್ ನದಿಯನ್ನು ನಾನು ಮಹಾಪೂರದಲ್ಲಿ ದಾಟಿದೆ. ಧಾರವಾಡ ಜಿಲ್ಲೆಯ ಹುಲಗಪ್ಪನೆಂಬ, ಹೇಸರಗತ್ತೆ ಕಾಯುವ ಆಳು ಒಂದು ದೋಣಿ ಕದ್ದು ಓಡಿಹೋದರೂ ನಾನು ಎದೆಗುಂದಲಿಲ್ಲ.’ ಇದನ್ನು ಓದಿ ಸಮಿತಿಯ ಅಧ್ಯಕ್ಷರಾದ ಹತ್ತಿ ವ್ಯಾಪಾರಿ ಹನುಮಂತಪ್ಪನವರಿಗೆ ಬಹಳ ಹಿಡಿಸಿತು. “ಇದನ್ನ ಜರಾ ಬೆಳಸ್ರಿ ಮಾಸ್ತರ. ಒಂದ ಕಡೆ ಶೂರ, ಒಂದ ಕಡೆ ಹೇಡಿ. ಓದಾವ್ರಿಗೆ ರುಚಿ ಹತ್ತತೈತಿ” ಅಂದರು. ಆ ಹುಲಗಪ್ಪ ಹುಬ್ಬಳ್ಳಿ ಹತ್ತಿರದ ಬೆಂಗೇರಿಯವನೆಂದು ಕೇಳಿದ್ದೇನೆ. ನಿಮಗೆ ನೆನಪಿದ್ದಷ್ಟು ತಿಳಿಸಿ.

ತಮ್ಮವ,
ಯಜ್ಞೇಶ್ವರ


ಕೂನೂರು,
೨ ಫೆಬ್ರುವರಿ ೧೯೪೧

ಮಾಸ್ತರರಿಗೆ ಕಮರುದ್ದೀನನ ಸಲಾಂ.

ಕನ್ನಡದಲ್ಲಿ ಪತ್ರ ಬಂದು ಬಹಳ ದಿನವಾಗಿತ್ತು. ಹುಬ್ಬಳ್ಳಿಯಲ್ಲಿ ನಮ್ಮದು ದರ್ಜಿಗಳ ಮನೆ. ನಾಲ್ಕನೆಯ ಇಯತ್ತೆವರೆಗೆ ಸಾಲೆಗೆ ಹೋಗಿ, ೧೯೧೫ನೆಯ ಇಸವಿಯಲ್ಲಿ ದಂಡಿನ ದರ್ಜಿಯಾಗಿ ಹೊರಟವನು ನಾನು. ಯುದ್ಧದ ಸಂಗತಿ ನನಗೆ ಅಷ್ಟು ತಿಳಿಯುವುದಿಲ್ಲ. ಸಾಹೇಬರ ಕೋಟಿನ ಸಂಗತಿ ತಿಳಿಯುತ್ತದೆ.

ಮೊದಲ ಸಲ ಅಳತೆ ತೆಗೆದಾಗ ಅವರು ಮೇಜರ್. ಎದೆ ಮೂವತ್ತೆಂಟು, ಸೊಂಟ ಮೂವತ್ತಮೂರು. ಕರ್ನಲ್ ಆದಾಗ ಸೊಂಟ ಮೂವತ್ತೇಳು. ಬ್ರಿಗೇಡಿಯರ್ ಆದಾಗ ನಲವತ್ತೊಂದು. ರಾಜರು ಸರ್ ಎಂದು ಕರೆದ ವರ್ಷ ನಲವತ್ತಾರು. ಆಗ ಎರಡು ಹಳೆಯ ಪ್ಯಾಂಟು ಬಿಚ್ಚಿ ಒಂದು ಮಾಡಿದೆ. ಎದೆ ಮಾತ್ರ ಇವತ್ತಿಗೂ ಮೂವತ್ತೆಂಟೇ.

ವಾಯವ್ಯ ಗಡಿನಾಡಿನ ಬೆಟ್ಟಗಳಲ್ಲಿ ಅವರಿಗೆ ದೊಡ್ಡ ಪದಕ ಸಿಕ್ಕಿದ್ದು ನಿಮ್ಮ ಟಿಪ್ಪಣಿಯಲ್ಲಿ ಇದ್ದೇ ಇರುತ್ತದೆ. ಒಂಬತ್ತು ದಿನ ಕಾದಾಟ ನಡೆಯಿತು. ಒಂಬತ್ತೂ ದಿನ ಸಾಹೇಬರಿಗೆ ಆಮಶಂಕೆ. ಡೇರೆಯೊಳಗೆ ಪಾತ್ರೆ ಹಿಡಿದವನು ನಾನು. ಹತ್ತನೆಯ ದಿನ ಗೆದ್ದೆವು ಎಂದು ಸುದ್ದಿ ಬಂದಾಗ, ಎದ್ದು ಹೊರಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿದರು. ಆ ಫೋಟೋ ಇದೆ, ಬಹಳ ಶೌರ್ಯದ ಫೋಟೋ. ಪದಕವನ್ನು ಕೋಟಿಗೆ ಹೊಲಿದವನೂ ನಾನೇ.

ಸಿಪಾಯಿಗಳ ಮೇಲಿನ ಪ್ರೀತಿಗೆ ನಿದರ್ಶನ ಕೇಳಿದ್ದೀರಿ. ಬದಲಿಯಾಗಿ ಹೋಗುವಾಗಲೆಲ್ಲ ‘ನೀವು ನನ್ನ ಮಕ್ಕಳು’ ಎಂಬ ಭಾಷಣ ಮಾಡುತ್ತಿದ್ದರು. ಅದು ಒಂದೇ ಕಾಗದ, ಎಡಗಡೆ ಕಿಸೆಯಲ್ಲಿ ನಾನು ಇಡುತ್ತಿದ್ದೆ. ಕ್ವೆಟ್ಟಾದಲ್ಲಿ ಒಮ್ಮೆ ತಪ್ಪಿ ಅಗಸನ ಪಟ್ಟಿ ಇಟ್ಟೆ. ‘ಅಂಗಿ ಆರು, ಕಾಲುಚೀಲ ಹನ್ನೆರಡು’ ಎಂದು ಓದಿದ ಮೇಲೆ ನಿಲ್ಲಿಸಿದರು. ಸಿಪಾಯಿಗಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಚಪ್ಪಾಳೆ ಎಂದಿನಷ್ಟೇ ಬಿತ್ತು.

ಈಗ ಇಲ್ಲಿ ಗುಲಾಬಿ ಬೆಳೆಸುತ್ತಾರೆ. ಮಳೆಗಾಲದಲ್ಲಿ ಜಿಗಣೆಗೆ ಹೆದರಿ ಅಂಗಳಕ್ಕೆ ಇಳಿಯುವುದಿಲ್ಲ.

ನದಿ ದಾಟಿದ್ದು ನಿಜ. ಹುಲಗಪ್ಪನ ಹೆಸರು ಪುಸ್ತಕದಲ್ಲಿ ಬರೆಯಬೇಡಿ. ಯಾಕೆಂದು ಕೇಳಬೇಡಿ.

ಬೆಂಗೇರಿಯಲ್ಲಿ ರೇಣವ್ವ ಎಂಬ ಹೆಣ್ಣುಮಗಳು ಇರಬೇಕು, ಅವನ ಹೆಂಡತಿ. ಹೇಗಿದ್ದಾಳೆ ಎಂದು ಯಾರಿಂದಾದರೂ ವಿಚಾರಿಸಿ ಒಂದು ಸಾಲು ಬರೆದರೆ ಉಪಕಾರ.

ಕಮರುದ್ದೀನ


ಧಾರವಾಡ,
೨೧ ಫೆಬ್ರುವರಿ ೧೯೪೧

ಕಮರುದ್ದೀನ ಸಾಹೇಬರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿ ನಕ್ಕೆ. ನಗುವುದು ಸುಲಭ, ಬಳಸುವುದು ಸಾಧ್ಯವಿಲ್ಲ. ಅರವತ್ತು ಪುಟಗಳಲ್ಲಿ ಸೊಂಟದ ಅಳತೆಗೆ ಜಾಗವಿಲ್ಲ. ಆದರೆ ನೀವು ಕೇಳಿದ ಒಂದು ಸಾಲಿಗಾಗಿ ಹೋಗಿ, ನನಗೆ ಬೇಕಾದ ಇಡೀ ಅಧ್ಯಾಯ ಹಿಡಿದುಕೊಂಡು ಬಂದೆ. ನಿಮಗೆ ಋಣಿ.

ಹೋದ ರವಿವಾರ ಬೆಂಗೇರಿಗೆ ಹೋಗಿದ್ದೆ. ರೇಣವ್ವನಿಗೆ ನಲವತ್ತೆರಡರ ಸುಮಾರು ವಯಸ್ಸು. ಹತ್ತಿ ಬಿಡಿಸುವ ಗಿರಣಿಯಲ್ಲಿ ಕೆಲಸ. ಹಣೆಯ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, “ಸರಕಾರದವರೇನ್ರಿ?” ಎಂದಳು.

“ಅಲ್ಲವ್ವಾ, ಸಾಲಿ ಮಾಸ್ತರ.”

“ಹಂಗಾರ ಬರ್ರಿ, ಚಾ ಕುಡೀರಿ. ಸರಕಾರದವ್ರಿಗೆ ನಾ ನೀರೂ ಕೊಡೂದಿಲ್ಲ.”

ಗಂಡನ ಸುದ್ದಿ ತೆಗೆದೆ. “ಅದಾರಲ್ಲ” ಎಂದಳು, ಬಜಾರಕ್ಕೆ ಹೋದವನ ಬಗ್ಗೆ ಹೇಳುವ ಹಾಗೆ. ಎಲ್ಲಿ ಎಂದರೆ, “ಅದು ಗೊತ್ತಿದ್ರ ನಾ ಇಲ್ಲಿ ಕುಂತ ಹತ್ತಿ ಬಿಡಸ್ತಿದ್ನೇನ್ರಿ?” ಅಂದಳು. ಆಮೇಲೆ ತಾನೇ ಹೇಳಿದಳು: “ದಂಡಿನಿಂದ ಕಾಗದ ಬಂತು, ಓಡಿ ಹೋಗ್ಯಾನಂತ. ಅತ್ತಿ ಅತ್ತಳು, ಓಣಿ ನಕ್ಕಿತು. ನಾ ಅಳಲೂ ಇಲ್ಲ, ನಗಲೂ ಇಲ್ಲ. ಓಡಿದವರು ಯಾರ ಕಡೆ ಓಡ್ತಾರ್ರಿ? ಮನಿ ಕಡೆನ. ಲಗ್ನ ಆಗಿ ಎಂಟ ತಿಂಗಳಿಗೆ ಕರಕೊಂಡ ಹೋಗಿದ್ರು ಅವರನ್ನ. ಮರುವರ್ಷ ಪಂಚಮಿ ಮುಂದ ನೋಡ್ತೇನಿ, ಹೊಸ್ತಿಲ ಮ್ಯಾಲ ಕುಪ್ಪಸದ ಖಣ! ಹೆಸರಿಲ್ಲ, ಕಾಗದಿಲ್ಲ. ಅಂದಿನಿಂದ ಒಂದ ವರ್ಷಾ ತಪ್ಪಿಲ್ಲ. ಸಿಕ್ಕರ ಗುಂಡ ಹಾಕ್ತಾರಂತ ಹೆದರಿ ಮಾರಿ ತೋರಸವಲ್ರು. ಇಲ್ಲೇ ಎಲ್ಲೋ ಅದಾರ.”

ಗೋಡೆಯಾಚೆಯಿಂದ ನೆರೆಮನೆಯ ಇಮಾಮಬಿ ಇಣುಕಿದಳು. “ಗುಡ್ಡಪ್ಪ ಅಂತ ಬಂಗಾರದಂಥಾ ಮನಷ್ಯಾ, ಮೂರ ಸಲ ಹಿರೇರನ್ನ ಕಳಸಿದ್ರಿ ಮಾಸ್ತರ. ಉಡಿಕಿ ಆಗು, ಇನ್ನೊಂದ ಸಂಸಾರ ಹೂಡು ಅಂತ. ಇಕಿ ಹಿರೇರಿಗೆ ಚಾ ಕುಡಿಸಿ, ಖಣ ತೋರಿಸಿ ಕಳಸಿದ್ಳು. ಈಗ ಗುಡ್ಡಪ್ಪಗ ಮೊಮ್ಮಕ್ಕಳು.”

“ಆಗಲಿ ಬಿಡ. ನಿನಗ್ಯಾಕ ಹೊಟ್ಟಿಕಿಚ್ಚು?”

“ನನಗ್ಯಾಕ ಹೊಟ್ಟಿಕಿಚ್ಚ? ನನ್ನ ಗಂಡ ದಿನಾ ಮನಿಗೆ ಬರ್ತಾನಲ್ಲ, ಅದಾ ನನಗ ಸಾಕಾಗೇತಿ.”

ಇಬ್ಬರೂ ನಕ್ಕರು. ನಾನು ಚಹ ಮುಗಿಸಿದೆ. ಅವಳು ತೊಟ್ಟ ಕುಪ್ಪಸವನ್ನು ಮುಟ್ಟಿ ತೋರಿಸುತ್ತ, “ಇದು ಹ್ವಾದ ವರ್ಷದ್ದು” ಎಂದಳು.

ಇಷ್ಟು ಸ್ಪಷ್ಟ ಪುರಾವೆ ಸಿಕ್ಕೀತೆಂದು ನಾನು ಎಣಿಸಿರಲಿಲ್ಲ. ಅವನು ಬದುಕಿದ್ದಾನೆ, ಓಡಿದ್ದು ನಿಜ. ಸಾಹೇಬರ ಟಿಪ್ಪಣಿಯಲ್ಲಿ ಸಾಕ್ಷಿಯುಳ್ಳ ಸಂಗತಿ ಇದೊಂದೇ ಇರಬಹುದು. ನೀವು ಹಳೆಯ ಜೊತೆಗಾರನ ಮಾನ ಕಾಯಲು ಹೆಸರು ಬೇಡವೆಂದಿರಿ, ತಿಳಿಯಿತು. ಆದರೆ ಅವನ ಹೆಂಡತಿಯೇ ಅದನ್ನು ಹೆಮ್ಮೆಯಿಂದ ಹೇಳುತ್ತಿರುವಾಗ ನಾವು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಯಜ್ಞೇಶ್ವರ


ಧಾರವಾಡ,
೧೯ ಮಾರ್ಚ ೧೯೪೧

ಕಮರುದ್ದೀನ ಸಾಹೇಬರಿಗೆ.

ನಿಮ್ಮಿಂದ ಉತ್ತರವಿಲ್ಲ. ಪುಸ್ತಕ ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ. ಐದನೆಯ ಅಧ್ಯಾಯಕ್ಕೆ ‘ಹೇಡಿಯ ಓಟ’ ಎಂದು ಹೆಸರಿಟ್ಟಿದ್ದೇನೆ. ಸೇರಿಸುವುದೋ ತಿದ್ದುವುದೋ ಇದ್ದರೆ ಕೂಡಲೇ ಬರೆಯಿರಿ. ಬರೆಯದಿದ್ದರೆ ನಿಮ್ಮ ಒಪ್ಪಿಗೆ ಇದೆ ಎಂದು ತಿಳಿಯುತ್ತೇನೆ.

ಯಜ್ಞೇಶ್ವರ


ಕೂನೂರು,
೩೦ ಮಾರ್ಚ ೧೯೪೧

ಮಾಸ್ತರರಿಗೆ.

ಖಣ ಕಳಿಸುತ್ತಿರುವವನು ನಾನು.

ನನ್ನ ತಮ್ಮ ಮಕಬೂಲಸಾಬ ಹುಬ್ಬಳ್ಳಿಯಲ್ಲಿ ಅರಿವೆ ಅಂಗಡಿ ಇಟ್ಟಿದ್ದಾನೆ. ಪ್ರತಿ ವರ್ಷ ನಾನು ಬರೆಯುತ್ತೇನೆ, ಅವನು ಪಂಚಮಿಯ ಮುಂಚೆ ಒಂದು ಖಣ ಬೆಂಗೇರಿಯ ಆ ಹೊಸ್ತಿಲಲ್ಲಿ ಇಟ್ಟು ಬರುತ್ತಾನೆ. ಯಾಕೆಂದು ಅವನಿಗೂ ಹೇಳಿಲ್ಲ.

ನದಿಯ ಸಂಗತಿ ಹೀಗೆ. ನಾವು ದಾಟುವ ಎರಡು ದಿನ ಮೊದಲೇ ಶತ್ರು ಆಚೆ ದಂಡೆ ಬಿಟ್ಟು ಹೋಗಿದ್ದ. ಒಂದು ಗುಂಡು ಹಾರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಆಚೆ ಸೇರಿ ಚಹ ಕುಡಿಯುತ್ತಿದ್ದೆವು. ಆಗ ಸಾಹೇಬರಿಗೆ ತಮ್ಮ ಸ್ನಾನದ ತೊಟ್ಟಿ ಈಚೆ ದಂಡೆಯಲ್ಲೇ ಉಳಿದದ್ದು ಗೊತ್ತಾಯಿತು. ತಗಡಿನ ತೊಟ್ಟಿ, ವಿಲಾಯತಿಯದು. ಹೊತ್ತು ಮುಳುಗುವುದರೊಳಗೆ ತರಬೇಕೆಂದರು. ಪೂರ ಏರುತ್ತಿದೆ, ನಾಳೆ ತರೋಣವೆಂದು ಸುಬೇದಾರ ಹೇಳಿದ. “ಹಾಗಾದರೆ ನಾಳೆ ಬೆಳಿಗ್ಗೆ ನಾನು ಹೇಗೆ ಸ್ನಾನ ಮಾಡಲಿ?” ಎಂದು ಕೇಳಿದರು.

ಆ ದಿನ ಸಾಹೇಬರ ಸಾಮಾನಿನ ಜವಾಬ್ದಾರಿ ನನ್ನದು. ತೊಟ್ಟಿ ಹೊರಲು ಇನ್ನೊಬ್ಬ ಬೇಕು. ಹುಲಗಪ್ಪ ಹತ್ತಿರದಲ್ಲಿ ನಿಂತಿದ್ದ. ನಾನೇ ಅವನನ್ನು ಕರೆದೆ. “ನನಗ ಈಸ ಬರೂದಿಲ್ಲೋ ಕಮರ್ಯಾ” ಎಂದ. “ಈಸೂದ ಯಾಕ ಬೇಕ, ದ್ವಾಣ್ಯಾಗ ಕೂಡೂದಲ್ಲ?” ಎಂದೆ. ಬರುವಾಗ ನಡುಹೊಳೆಯಲ್ಲಿ ದೋಣಿ ಮಗುಚಿತು. ದೋಣಿ ಹೋಯಿತು. ತೊಟ್ಟಿ ತೇಲಿತು. ನಾನು ಅದರ ಅಂಚು ಹಿಡಿದೆ. ಅವನೂ ಹಿಡಿದಿದ್ದ. ಇಬ್ಬರ ಭಾರಕ್ಕೆ ಅದು ವಾಲಿ ನೀರು ತುಂಬತೊಡಗಿತು. ಅವನ ಕೈ ಹೇಗೆ ಬಿಟ್ಟಿತು ಎಂಬುದನ್ನು ನಾನು ಬರೆಯಲಾರೆ.

ನಾನೂ ತೊಟ್ಟಿಯೂ ದಂಡೆ ಮುಟ್ಟಿದೆವು. ಸಾಹೇಬರು ತೊಟ್ಟಿಯನ್ನು ಬಗ್ಗಿ ನೋಡಿ, ಒಂದು ಕಡೆ ತಗ್ಗು ಬಿದ್ದಿದೆ ಎಂದರು. ಬೆಳಿಗ್ಗೆ ಸ್ನಾನ ಮಾಡಿದರು. ಇವತ್ತೂ ಬೆಳಿಗ್ಗೆ ಅದರಲ್ಲೇ ಮಾಡಿದರು. ಬಿಸಿನೀರು ತುಂಬಿದವನು ನಾನು.

ದೋಣಿ ಸರಕಾರದ್ದು. ತೊಟ್ಟಿಗಾಗಿ ದೋಣಿಯೂ ಮನುಷ್ಯನೂ ಹೋದವೆಂದರೆ ವಿಚಾರಣೆಯಾಗುತ್ತದೆ. ಮನುಷ್ಯ ದೋಣಿ ಕದ್ದು ಓಡಿದನೆಂದರೆ ಆಗುವುದಿಲ್ಲ. ಹಾಗೆಂದು ಬರೆದ ಕಾಗದಕ್ಕೆ ಸಾಕ್ಷಿಯ ಸಹಿ ಬೇಕಾಗಿತ್ತು. ಆಳುಗಳಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡುವವನು ನಾನೊಬ್ಬನೇ. ಆ ವಯಸ್ಸಿನಲ್ಲಿ ನನಗೆ ಅದರದೂ ಒಂದು ಹೆಮ್ಮೆ ಇತ್ತು. ಮಾಡಿದೆ. ಮರುದಿನದಿಂದ ಸಾಹೇಬರ ಖಾಸಾ ಆಳಾದೆ.

ಪಂಚಮಿಗೆ ಅಣ್ಣಂದಿರು ತಂಗಿಯರಿಗೆ ಖಣ ಕೊಡುವುದನ್ನು ನೋಡಿ ಬೆಳೆದವನು ನಾನು. ನಮ್ಮ ಅವ್ವ ಮಾಬೂಬಿ ಕೂಡ ಓಣಿಯ ಹುಡುಗಿಯರಿಗೆ ನನ್ನ ಕೈಯಿಂದಲೇ ಕೊಡಿಸುತ್ತಿದ್ದಳು. ಆ ದಿನ ಖಣ ಬಂದರೆ, ಅಣ್ಣನಂಥವನು ಯಾರೋ ಇದ್ದಾನೆ ಎಂದುಕೊಳ್ಳುವಳೆಂದು ತಿಳಿದೆ. ತವರಿನಲ್ಲಿ ಯಾರೂ ಇಲ್ಲದವಳು ಅದನ್ನು ಯಾರದೆಂದು ತಿಳಿಯುತ್ತಾಳೆ ಎಂದು ಒಂದು ಸಲವೂ ಯೋಚಿಸಲಿಲ್ಲ. ಗುಡ್ಡಪ್ಪನ ಸುದ್ದಿ ನಿಮ್ಮ ಪತ್ರದಿಂದಲೇ ನನಗೆ ಗೊತ್ತಾದದ್ದು. ಅದನ್ನು ಓದಿದ ಮೇಲೆ ಒಂದು ತಿಂಗಳು ಲೇಖನಿ ಹಿಡಿಯಲಾಗಲಿಲ್ಲ.

ನಿಜವನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿ. ಯಾರಾದರೂ ಅವಳಿಗೆ ಓದಿ ಹೇಳುತ್ತಾರೆ. ನನ್ನಿಂದ ಹೇಳಲಾಗದು.

ಕಮರುದ್ದೀನ


ಧಾರವಾಡ,
೧೪ ಏಪ್ರಿಲ್ ೧೯೪೧

ಕಮರುದ್ದೀನರಿಗೆ.

ನಿಮ್ಮ ಪತ್ರವನ್ನು ಟ್ರಂಕಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟಿದ್ದೇನೆ. ಹೊರಗೆ ಇಡುವ ಧೈರ್ಯವಿಲ್ಲ.

ಮೊದಲ ಪತ್ರದಲ್ಲಿ ನಾನೊಂದು ಸಂಗತಿ ಬಿಟ್ಟಿದ್ದೆ. ಈ ಪುಸ್ತಕ ಚರಿತ್ರೆಯಲ್ಲ. ಸೈನ್ಯಕ್ಕೆ ಜನ ಸೇರಿಸಲು ಹಳ್ಳಿಹಳ್ಳಿಗೆ ಹಂಚುವ ಪುಸ್ತಕ ಇದು. ಐದು ಸಾವಿರ ಪ್ರತಿ. ನೀವು ಹೇಳುವ ನಿಜವನ್ನು ಅದರಲ್ಲಿ ಅಚ್ಚು ಹಾಕಿಸಿ ಎನ್ನುವುದು, ಮದುವೆಯ ಕರೆಯೋಲೆಯಲ್ಲಿ ಗಂಡಿಗೆ ಕ್ಷಯವಿದೆ ಎಂದು ಹಾಕಿಸಿದ ಹಾಗೆ.

ಇದನ್ನು ಯಾಕೆ ಒಪ್ಪಿಕೊಂಡಿರಿ ಎಂದು ನೀವು ಕೇಳಬಹುದು. ೧೯೩೨ರಲ್ಲಿ ನಾನು ಕಾಯಿದೆಭಂಗ ಮಾಡಿ ಜೈಲಿಗೆ ಹೋಗಿದ್ದೆ. ಇಪ್ಪತ್ತೆರಡನೆಯ ದಿನ ಮಾಫಿ ಬರೆದುಕೊಟ್ಟು ಹೊರಗೆ ಬಂದೆ. ಅಂದಿನಿಂದ ಯಾರು ಏನು ಬರೆ ಎಂದರೂ ಬರೆದುಕೊಡುತ್ತೇನೆ. ನನ್ನ ಅಕ್ಷರ ದುಂಡಗಿವೆ ಎಂದು ಎಲ್ಲರೂ ಹೇಳುತ್ತಾರೆ.

ಆದರೂ ನಿಮ್ಮನ್ನು ಒಂದು ಕೇಳಬೇಕು. ಇಪ್ಪತ್ನಾಲ್ಕು ವರ್ಷ ಪ್ರತಿದಿನ ಆ ತೊಟ್ಟಿಗೆ ನೀರು ತುಂಬಿದಿರಿ. ಒಂದು ದಿನವಾದರೂ ನೀರು ಜಾಸ್ತಿ ಬಿಸಿಯಾಗಿತ್ತೆ? ಸಾಹೇಬರ ಎದೆಯ ಅಳತೆಯನ್ನು ನಗುನಗುತ್ತ ಬರೆದಿರಿ. ನಿಮ್ಮದನ್ನು ಯಾರು ತೆಗೆದರು?

ನನ್ನಿಂದ ಆಗುವುದು ಇಷ್ಟು: ಹುಲಗಪ್ಪನ ಹೆಸರು ತೆಗೆಯುತ್ತೇನೆ. ‘ಒಬ್ಬ ಆಳು’ ಎಂದು ಹಾಕುತ್ತೇನೆ. ಹನುಮಂತಪ್ಪನವರು ಒಪ್ಪಿದ್ದಾರೆ.

ಯಜ್ಞೇಶ್ವರ


ಕೂನೂರು,
೨೭ ಏಪ್ರಿಲ್ ೧೯೪೧

ಮಾಸ್ತರರಿಗೆ.

ಹೆಸರು ಹಾಕಿ ಹೇಡಿ ಎಂದರೂ ಅವಳ ಮಟ್ಟಿಗೆ ಅವನು ಬದುಕಿರುತ್ತಾನೆ. ಹೆಸರು ತೆಗೆದರೂ ಬದುಕಿರುತ್ತಾನೆ. ಅವನು ಸತ್ತಿದ್ದಾನೆ ಎಂದು ಯಾರಾದರೂ ಹೇಳಬೇಕಾಗಿದೆ. ನೀವು ಹೇಳುವುದಿಲ್ಲ ಎಂದು ತಿಳಿಯಿತು.

ಪುಸ್ತಕದ ಸಮಾರಂಭಕ್ಕೆ ಸಾಹೇಬರು ಜೂನಿನಲ್ಲಿ ಧಾರವಾಡಕ್ಕೆ ಬರುತ್ತಾರೆ. ಕೋಟು ಹಿಡಿದುಕೊಂಡು ನಾನೂ ಬರುತ್ತೇನೆ. ಅವಳನ್ನು ಕಂಡು ನಾನೇ ಹೇಳುತ್ತೇನೆ. ನೀರಿನ ಬಿಸಿಯ ಬಗ್ಗೆ ನೀವು ಕೇಳಿದ್ದಕ್ಕೆ ಅದೇ ಉತ್ತರ.

ಕಮರುದ್ದೀನ


ಧಾರವಾಡ,
೨೪ ಜೂನ್ ೧೯೪೧

ಕಮರುದ್ದೀನರಿಗೆ.

ನೀವು ರೈಲು ಹತ್ತಿ ಎರಡು ದಿನವಾಯಿತು. ಸ್ಟೇಶನ್ನಿನಲ್ಲಿ ನನ್ನ ಕಡೆ ನೋಡಲಿಲ್ಲ. ನಾನೂ ಕರೆಯಲಿಲ್ಲ.

ನಿಮ್ಮ ಸಾಹೇಬರನ್ನು ಕಣ್ಣಾರೆ ಕಂಡದ್ದಾಯಿತು. ಶನಿವಾರ ಅವರನ್ನು ಕೆಲಗೇರಿ ಕೆರೆಗೆ ಬಾತಿನ ಬೇಟೆಗೆ ಕರೆದೊಯ್ದವರಲ್ಲಿ ನಾನೂ ಇದ್ದೆ. ಜೂನಿನಲ್ಲಿ ಬಾತು ಇರುವುದಿಲ್ಲ ಎಂದು ಹೇಳುವ ಧೈರ್ಯ ಸಮಿತಿಯಲ್ಲಿ ಒಬ್ಬರಿಗೂ ಇರಲಿಲ್ಲ. ಸಾಹೇಬರು ಎರಡು ತಾಸು ಬಂದೂಕು ಹಿಡಿದು ನಿಂತರು. ಕೊನೆಗೆ ಒಬ್ಬ ಅಗಸನ ಹಂಡೆಗೆ ಹೊಡೆದು, ಗುರಿ ಇನ್ನೂ ಚೆನ್ನಾಗಿದೆ ಎಂದರು. ಹನುಮಂತಪ್ಪನವರು ಚಪ್ಪಾಳೆ ತಟ್ಟಿದರು. ರವಿವಾರದ ಸಭೆಯಲ್ಲಿ ಸಾಹೇಬರು ವೇದಿಕೆ ಹತ್ತುವಾಗ ನನ್ನ ಹಿಂದಿದ್ದ ಮುದುಕನೊಬ್ಬ ಪಕ್ಕದವನಿಗೆ, “ಹೊಟ್ಟಿ ಮೊದಲ ಬಂತ ನೋಡು, ಸಾಹೇಬ್ರು ಆಮ್ಯಾಲ ಬಂದ್ರು” ಎಂದ. ಅವರ ಭಾಷಣವನ್ನು ಕನ್ನಡಕ್ಕೆ ತಂದವನು ನಾನು. ‘ನೀವು ನನ್ನ ಮಕ್ಕಳು’ ಎಂಬ ಸಾಲು ಬಂದಾಗ ನಿಮ್ಮ ಮುಖ ನೋಡಿದೆ. ನೀವು ಕೋಟಿನ ಗುಂಡಿ ನೋಡುತ್ತಿದ್ದಿರಿ. ಆ ಸಂಜೆ ಇಪ್ಪತ್ತಾರು ಜನ ಸೈನ್ಯಕ್ಕೆ ಹೆಸರು ಬರೆಸಿದರು. ಅವರಲ್ಲಿ ಮೂವರು ನನ್ನ ಹಳೆಯ ವಿದ್ಯಾರ್ಥಿಗಳು.

ರೇಣವ್ವನನ್ನು ಕರೆಸಿದವನು ನಾನಲ್ಲ. ಗಂಡನ ದಂಡಿನ ಸಾಹೇಬರು ಬರುತ್ತಾರೆಂದು ತಾನೇ ಕೇಳಿ ತಿಳಿದು ಬಂದಿದ್ದಳು. ನೀವು ವೇದಿಕೆಯ ಪಕ್ಕದಲ್ಲಿ ನಿಂತಾಗ ಅವಳು ಜನರನ್ನು ಸರಿಸಿಕೊಂಡು ಬಂದು ನಿಮ್ಮ ಮುಂದೆ ನಿಂತದ್ದನ್ನು ಮೂರು ಮಾರು ದೂರದಿಂದ ನೋಡಿದೆ. ಕೇಳಿಯೂ ಕೇಳಿದೆ.

“ಅಣ್ಣಾರ, ಸಾಹೇಬ್ರ ಜೋಡಿ ಹೊಳಿ ದಾಟಿದವ್ರು ನೀವೇನ್ರಿ? ಬೆಂಗೇರಿ ಹುಲಗಪ್ಪ ಅಂತ ಇದ್ರು, ದಂಡ ಬಿಟ್ಟ ಬಂದವ್ರು. ನಿಮಗ ಅವರ ಸುದ್ದಿ ಏನರ ಗೊತ್ತೈತೇನ್ರಿ?”

ನೀವು ಕೋಟನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಿರಿ. ಆಮೇಲೆ ಹೇಳಿದಿರಿ: “ಆರಾಮ ಅದಾನವ್ವಾ. ಲಗೂನ ಬರ್ತಾನ.”

ಸಾಹೇಬರು ಕರೆದರು. ಹೋದಿರಿ.

ಮರುದಿನ ಬೆಳಿಗ್ಗೆ ಅವಳು ಬೆಂಗೇರಿಯಿಂದ ಧಾರವಾಡಕ್ಕೆ, ನನ್ನ ಮನೆ ಹುಡುಕಿಕೊಂಡು ಬಂದಳು. ಸೆರಗಿನಲ್ಲಿ ಶೇಂಗಾ ಉಂಡೆ ಕಟ್ಟಿಕೊಂಡು ಬಂದಿದ್ದಳು, ನನ್ನ ಮಕ್ಕಳಿಗೆಂದು. “ಒಂದ ಕಾಗದ ಬರದ ಕೊಡ್ರಿ ಮಾಸ್ತರ. ಆ ಕೋಟ ಹಿಡದ ಅಣ್ಣಾರ ಕಡೆ ಕಳಸ್ರಿ, ಅವರು ನಮ್ಮ ಮನಿಯವರಿಗೆ ಮುಟ್ಟಸ್ತಾರ. ಈ ಸಲ ಪಂಚಮಿಗೆ ಖಣ ಬ್ಯಾಡ, ನೀವ ಬರ್ರಿ ಅಂತ ಬರೀರಿ. ಈಗೇನ ಯಾರೂ ಗುಂಡ ಹಾಕೂದಿಲ್ಲ, ಸಾಹೇಬ್ರು ಮುದುಕ ಆಗ್ಯಾರ, ನಾ ಕಣ್ಣಿಲೆ ನೋಡೇನಿ ಅಂತ ಬರೀರಿ.”

ನಾನು ಕಾಗದ ತೆಗೆದುಕೊಂಡೆ. ತಾರೀಖು ಬರೆದೆ. ಹುಲಗಪ್ಪನವರಿಗೆ ಎಂದು ಬರೆದೆ. ಯಾರು ಏನು ಬರೆ ಎಂದರೂ ಬರೆಯುವವನೆಂದು ನಿಮಗೆ ಹೇಳಿದ್ದೆ. ಅದು ಪೂರ್ತಿ ನಿಜವಲ್ಲ ಎಂದು ಆಗ ಗೊತ್ತಾಯಿತು. ಎದ್ದು ಟ್ರಂಕು ತೆಗೆದು ನಿಮ್ಮ ಮಾರ್ಚಿನ ಪತ್ರವನ್ನು ಅವಳಿಗೆ ಓದಿದೆ. ಮೊದಲಿನಿಂದ ಕೊನೆಯವರೆಗೆ. ಇದರಲ್ಲಿ ನನ್ನ ಧೈರ್ಯವೇನೂ ಇಲ್ಲ. ಸ್ವಂತ ಮಾತಿನಲ್ಲಿ ಹೇಳಲಾಗದೆ ನಿಮ್ಮ ಮಾತು ಓದಿದೆ, ಅಷ್ಟೇ.

ಅವಳು ಅಳುತ್ತಾಳೆಂದು ಕಾದೆ. “ಕೈ ಬಿಟ್ಟದ್ದ ಇನ್ನೊಮ್ಮೆ ಓದ್ರಿ” ಎಂದಳು. ಓದಿದೆ. ಮತ್ತೊಮ್ಮೆ ಎಂದಳು. ಓದಿದೆ. ಗೋಡೆಯ ಕಡೆ ತಿರುಗಿ, “ಹಂಗಾರ ಅವರು ನನ್ನ ಕಡೆ ಓಡಿ ಬರಲಿಲ್ಲ” ಎಂದಳು. ನನ್ನನ್ನು ಕೇಳಿದ್ದಲ್ಲ. ನಾನು ಅವಳಿಗೆ ನೀರು ತಂದುಕೊಟ್ಟೆ. ಕುಡಿಯಲಿಲ್ಲ. “ನೀವು ಯಾವಾಗಿಂದ ತಿಳದೀರಿ?” ಎಂದಳು. ಯುಗಾದಿ ಕಳೆದಾಗಿನಿಂದ ಎಂದೆ. ನನ್ನ ಮುಖ ನೋಡಿದಳು. ಮಾಫಿ ಬರೆದುಕೊಟ್ಟ ದಿನ ಜೈಲಿನ ಗುಮಾಸ್ತ ಕೂಡ ನನ್ನನ್ನು ಹಾಗೆ ನೋಡಿರಲಿಲ್ಲ.

ಆಮೇಲೆ ಆ ಕಾಗದವನ್ನೇ ಮುಂದುವರಿಸಲು ಹೇಳಿದಳು, ಹೆಸರು ಹೊಡೆದುಹಾಕಿ ನಿಮ್ಮ ಹೆಸರು ಬರೆದು. ಅವಳು ಹೇಳಿದ್ದನ್ನು ಹೇಳಿದ ಹಾಗೆ ಕೆಳಗೆ ಬರೆಯುತ್ತೇನೆ.

“ಕಮರುದ್ದೀನ, ನೀ ಅಣ್ಣ ಅಂತ ತಿಳಕೊಂಡ ಖಣ ಕಳಸಿದಿ ಅಂತ ಮಾಸ್ತರ ಓದಿದ್ರು. ಅಣ್ಣ ಆದಾವ ಹೊಸ್ತಿಲದಾಗ ಇಟ್ಟ ಓಡೂದಿಲ್ಲ, ಒಳಗ ಬಂದ ಉಂಡ ಹೋಗ್ತಾನ. ನೀ ಒಂದ ಮಾತ ಹೇಳಿದ್ರ ನನಗೂ ಈ ಹೊತ್ತಿಗೆ ಮಕ್ಕಳಿರ್ತಿದ್ವು. ಅದನ್ನ ಈಗ ಕೇಳೂದಿಲ್ಲ. ನಿನ್ನೆ ಅಷ್ಟ ಮಂದ್ಯಾಗ ನನ್ನ ಮುಂದ ನಿಂತ ಆರಾಮ ಅದಾನ ಅಂದಿ. ಅದನ್ನೂ ಕೇಳೂದಿಲ್ಲ. ಗಂಡ ಸತ್ತ ಹೆಣ್ಣಮಗಳಿಗೆ ತವರಿನವರು ಸೀರಿ ತರಬೇಕು, ಕುಂತು ಬಳಿ ತಗಸಬೇಕು. ನನ್ನ ತವರಾಗ ಯಾರೂ ಉಳದಿಲ್ಲ. ಆ ಸೀರಿ ನೀ ತರಬೇಕು. ನಿನ್ನ ತಮ್ಮನ ಕೈಯಾಗ ಕೊಟ್ಟ ಕಳಸಿದ್ರ ಗಟಾರಕ್ಕ ಒಗೀತೇನಿ. ನೀನ ಬಾ. ಬಂದು, ಅವರ ಕೈ ಹೆಂಗ ಬಿಟ್ಟಿತು ಅನ್ನೂದನ್ನ ನನ್ನ ಮಾರಿ ನೋಡಿ ಹೇಳು. ಅಲ್ಲೀತನಕಾ ನಾ ಬಳಿ ತಗಿಯೂದಿಲ್ಲ. ನೀ ಬರಲಿಲ್ಲಂದ್ರ ಕುಂಕುಮ ಹಚಗೊಂಡ ಸಾಯ್ತೇನಿ, ಆ ಸುಳ್ಳು ನಿನ್ನ ತಲಿ ಮ್ಯಾಲ.”

ಹೆಬ್ಬೆಟ್ಟು ಒತ್ತಿ ಹೋದಳು. ಉಂಡೆಗಳನ್ನು ಹಾಗೇ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಯಜ್ಞೇಶ್ವರ


ಬೆಂಗಳೂರು,
೧೧ ಜುಲೈ ೧೯೪೧

ಮಾಸ್ತರರಿಗೆ.

ಇಲ್ಲಿ ನಮ್ಮ ಸಂಬಂಧಿಕ ಹುಸೇನಬಾಷಾನ ಮನೆಯಲ್ಲಿದ್ದೇನೆ. ರೈಲಿನ ತುಂಬ ಸಿಪಾಯಿಗಳು. ಎರಡು ದಿನದಿಂದ ಜಾಗ ಸಿಕ್ಕಿಲ್ಲ. ನಾಳೆ ಸಿಗುತ್ತದೆ ಎಂದಿದ್ದಾರೆ.

ನಿಮ್ಮ ಪತ್ರ ಬಂದ ಮೇಲೆ ಹತ್ತು ದಿನ ಏನೂ ಮಾಡಲಿಲ್ಲ. ಬೂಟು ಒರೆಸಿದೆ, ನೀರು ಕಾಸಿದೆ. ಹನ್ನೊಂದನೆಯ ದಿನ ಸಾಹೇಬರ ಹತ್ತಿರ ಹದಿನೈದು ದಿನದ ರಜೆ ಕೇಳಿದೆ. ಯಾರ ಮನೆಗೆ ಎಂದರು. ಹುಲಗಪ್ಪನ ಹೆಂಡತಿಯ ಮನೆಗೆ ಎಂದೆ. “ಹುಲಗಪ್ಪ ಯಾರು?” ಎಂದು ಕೇಳಿದರು.

ನಟಿಸುತ್ತಿದ್ದಾರೆ ಎಂದುಕೊಂಡೆ. ಇಲ್ಲ. ನಿಜಕ್ಕೂ ನೆನಪಿಲ್ಲ. ಟಿಪ್ಪಣಿಯನ್ನು ಯಾವುದೋ ಹಳೆಯ ಕಾಗದ ನೋಡಿ ಟೈಪು ಮಾಡಿಸಿದ್ದರು. ನಿಮ್ಮ ಪುಸ್ತಕ ಮೇಜಿನ ಮೇಲಿತ್ತು. ನದಿಯ ಅಧ್ಯಾಯ ತೆಗೆದು ಮುಂದೆ ಇಟ್ಟೆ. ಕನ್ನಡ ಅವರಿಗೆ ಬರುವುದಿಲ್ಲ. ಪುಟವನ್ನು ಸ್ವಲ್ಪ ಹೊತ್ತು ನೋಡಿ, ಅಚ್ಚು ಚೆನ್ನಾಗಿದೆ ಎಂದರು. ಇಷ್ಟು ವರ್ಷ ಆ ಮನುಷ್ಯನ ಎದೆಯ ಮೇಲೊಂದು ಭಾರವಿದೆ, ನಾವಿಬ್ಬರೂ ಅದನ್ನು ಬಚ್ಚಿಟ್ಟುಕೊಂಡಿದ್ದೇವೆ ಎಂದು ನಾನು ತಿಳಿದಿದ್ದೆ. ಬಚ್ಚಿಟ್ಟುಕೊಂಡವನು ನಾನೊಬ್ಬನೇ.

ಹದಿನಾರನೆಯ ತಾರೀಖಿಗೆ ಊಟಕ್ಕೆ ದೊಡ್ಡ ಜನ ಬರುವವರಿದ್ದಾರೆ, ಅದು ಮುಗಿಯುವವರೆಗೆ ರಜೆ ಇಲ್ಲ, ಕೇಳದೆ ಹೋದರೆ ತಿರುಗಿ ಬರಬೇಡ, ಬೆಳ್ಳಿ ಚಮಚ ಎಣಿಸಿ ಪೊಲೀಸರಿಗೆ ತಿಳಿಸುತ್ತೇನೆ ಎಂದರು. ಮರುದಿನ ಬೆಳಿಗ್ಗೆ ಒಲೆ ಹಚ್ಚದೆ ಹೊರಟೆ. ನನ್ನ ಕತ್ತರಿ, ಎರಡು ಜೊತೆ ಬಟ್ಟೆ, ಇಷ್ಟೇ ತಂದಿದ್ದೇನೆ. ಗೇಟಿನ ಹತ್ತಿರ ಬಂದಾಗ ಒಳಗೆ ಸಾಹೇಬರು ಆಳನ್ನು ಕರೆಯುವ ಗಂಟೆ ಬಾರಿಸಿದರು. ಬಾರಿಸುತ್ತಲೇ ಇದ್ದರು. ನಲವತ್ತೆಂಟು ವರ್ಷದವನು ಇಳಿಜಾರಿನಲ್ಲಿ ಓಡಿದೆ. ನಿಮ್ಮ ಐದನೆಯ ಅಧ್ಯಾಯಕ್ಕೆ ಈಗ ನಿಜವಾದ ಮನುಷ್ಯ ಸಿಕ್ಕ.

ಸೀರೆ ಇಲ್ಲಿಯೇ ಕೊಂಡೆ. ಯಾವ ಬಣ್ಣದ್ದು ತರಬೇಕೆಂದು ಅವಳು ಹೇಳಿರಲಿಲ್ಲ. ಹುಸೇನಬಾಷಾನ ಹೆಂಡತಿ ನೂರಜಹಾನ ಪಕ್ಕದ ಮನೆಯ ಹಿರಿಯಳನ್ನು ಕೇಳಿ ಬಂದು ಹೇಳಿದಳು. ಅಂಗಡಿಯವನು ಯಾರಿಗೆ ಎಂದ. ತಂಗಿಗೆ ಎಂದೆ. ಬಾಯಿಯಿಂದ ಬಂತು.

ಹೊಳೆಯಲ್ಲಿ ಆದದ್ದನ್ನು ನಿಮಗೆ ಬರೆಯುವುದಿಲ್ಲ. ಬರೆದರೆ ನೀವು ಅದಕ್ಕೂ ಒಂದು ಹೆಸರಿಡುತ್ತೀರಿ. ಅವಳ ಮುಂದೆ ಕೂತು ಹೇಳುತ್ತೇನೆ. ಕೇಳಿದ ಮೇಲೆ ಅವಳು ನನ್ನ ಕೈಯಿಂದ ಸೀರೆ ತೆಗೆದುಕೊಳ್ಳುತ್ತಾಳೋ ಇಲ್ಲವೋ ತಿಳಿಯದು. ತೆಗೆದುಕೊಳ್ಳದಿದ್ದರೆ ಎಲ್ಲಿಗೆ ಹೋಗಬೇಕೆಂಬುದೂ ತಿಳಿಯದು.

ರವಿವಾರ ಮುಂಜಾನೆ ಬೆಂಗೇರಿಗೆ ಬರುತ್ತೇನೆಂದು ಅವಳಿಗೆ ತಿಳಿಸಿ. ಈ ಒಂದು ಸಾಲನ್ನಾದರೂ ಇದ್ದ ಹಾಗೆ ಹೇಳಿ. ನೀವು ಅಲ್ಲಿಗೆ ಬರಬೇಡಿ.

ಕಮರುದ್ದೀನ